ಪರಿಶೀಲನೆಯಲ್ಲಿದ್ದ ಕುರ್ಚಿ

ಬೇಸಿಗೆಯಲ್ಲಿ ಮನುಷ್ಯನಿಗೆ ಬೇಕಾದದ್ದು ಹೆಚ್ಚೇನಿಲ್ಲ. ಒಂದು ಕುರ್ಚಿ, ಒಂದು ಟಬ್ಬು, ಕಾಲು ಮುಳುಗುವಷ್ಟು ತಣ್ಣೀರು, ಮತ್ತು ಯಾರೂ ‘ರೀ’ ಎಂದು ಕರೆಯದ ಒಂದು ಗಂಟೆ. ಇವುಗಳಲ್ಲಿ ಮೊದಲ ಮೂರು ನಮ್ಮ ಮನೆಯಲ್ಲೇ ಇದ್ದವು. ನಾಲ್ಕನೆಯದಕ್ಕಾಗಿ ನಾನು ನಡೆಸಿದ ಹೋರಾಟದಲ್ಲಿ ಒಂದು ಇಡೀ ಕಟ್ಟಡ ಒಂದು ವಾರ ನೀರಿಲ್ಲದೆ ಒದ್ದಾಡಿತು, ಒಂದು ಕಚೇರಿ ಇಲ್ಲದ ಕಡತವನ್ನು ಅರ್ಧ ದಿನ ಹುಡುಕಿತು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಅತ್ತೆ ನಂಬುತ್ತಾರೆ. ನನ್ನಿಂದ ಏನು ಬೇಕಾದರೂ ಆದೀತು ಎಂದು ಅವರು ಮದುವೆಗೆ ಮೊದಲೇ ಹೇಳಿದ್ದರಂತೆ, ಹೊಗಳಿಕೆಯಾಗಿ ಅಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಮೊಹರು ಒತ್ತಿ, ಸಂಖ್ಯೆ ಬರೆದು, ಮುಂದಿನ ಮೇಜಿಗೆ ದಾಟಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ದಾಟಿಸುತ್ತಿದ್ದೇನೆ. ಆದರೆ ಈಗಿರುವ ಮನೆಗೆ ಬಂದ ಹೊಸದರಲ್ಲಿ ನೆರೆಯವರು ಏನು ಕೆಲಸವೆಂದು ಕೇಳಿದಾಗ, “ವಾಟರ್ ಆಫೀಸಿನಲ್ಲಿದ್ದೀನಿ. ನನ್ನ ಕೈ ದಾಟದೆ ಅಲ್ಲಿ ಒಂದು ಕಾಗದಾನೂ ಮುಂದೆ ಹೋಗಲ್ಲ,” ಎಂದುಬಿಟ್ಟೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂದಿನಿಂದ ಕಟ್ಟಡದವರೆಲ್ಲ ನನ್ನನ್ನು ಸಾಹೇಬ್ರು ಎನ್ನತೊಡಗಿದರು. ತಿದ್ದಬೇಕು, ತಿದ್ದಬೇಕು ಎಂದುಕೊಳ್ಳುವಷ್ಟರಲ್ಲಿ ಆರು ವರ್ಷ ಕಳೆದಿತ್ತು.

ಕಟ್ಟಡದಲ್ಲಿ ಇರುವುದು ನಾಲ್ಕೇ ಮನೆ. ನೆಲಮಹಡಿಯಲ್ಲಿ ಟೈಲರಮ್ಮ. ಅವರ ಮೇಲೆ ಕಟ್ಟಡದ ಕಾರ್ಯದರ್ಶಿಗಳು. ನಾಲ್ಕು ಮನೆಗೆ ಕಾರ್ಯದರ್ಶಿ ಯಾಕೆಂದು ನಾವು ಯಾರೂ ಕೇಳಿಲ್ಲ, ಅವರಿಗೆ ಬೇಸರವಾದೀತೆಂದು. ಅವರ ಮೇಲೆ ನಿವೃತ್ತ ಮೇಷ್ಟ್ರು. ಎಲ್ಲರ ಮೇಲೆ ನಾವು: ನಾನು, ನನ್ನ ಹೆಂಡತಿ, ಮತ್ತು ಬೇಸಿಗೆ ಕಳೆಯಲು ಮಗಳ ಮನೆಗೆ ಬಂದು ಮೂರು ಬೇಸಿಗೆ ಕಳೆದಿರುವ ಅತ್ತೆ. ನಮ್ಮ ಮೇಲೆ ತಾರಸಿ. ತಾರಸಿಯಲ್ಲಿ ನಾಲ್ಕೂ ಮನೆಗೆ ನೀರು ಬಿಡುವ ಸಿಮೆಂಟಿನ ಟ್ಯಾಂಕು.

ಬೇಸಿಗೆಯಲ್ಲಿ ನಮ್ಮ ಕಚೇರಿ ಬೆಳಿಗ್ಗೆ ಏಳಕ್ಕೆ ತೆರೆದು ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತದೆ. ಊಟ ಮುಗಿಸಿ ಮೂರು ಗಂಟೆಗೆ ತಾರಸಿಗೆ ಹೋದರೆ ಟ್ಯಾಂಕಿನ ನೆರಳು ಪೂರ್ವದ ಕಡೆಗೆ ಚಾಚಿಕೊಂಡಿರುತ್ತದೆ. ಆ ನೆರಳಿನಲ್ಲಿ ನಮ್ಮ ಬೆತ್ತದ ಕುರ್ಚಿ ಸರಿಯಾಗಿ ಹಿಡಿಸುತ್ತದೆ. ಅದರ ಮುಂದೆ, ಅಂಚು ಸೀಳಿ ಟೇಪು ಸುತ್ತಿದ ನೀಲಿ ಟಬ್ಬು. ಟಬ್ಬಿನಲ್ಲಿ ಕಾಲು. ತಲೆಯ ಮೇಲೆ ಒದ್ದೆ ಟವೆಲು. ಪಕ್ಕದಲ್ಲಿ ಉದ್ದಕ್ಕೆ ಸೀಳಿ ಉಪ್ಪು ಖಾರ ಸವರಿದ ಸೌತೆಕಾಯಿ. ಇದು ನನ್ನ ಕಲ್ಪನೆ. ನಡೆಯುತ್ತಿದ್ದದ್ದು ಬೇರೆ. ನಾನು ಮೇಲೆ ಹೋಗುವಷ್ಟರಲ್ಲಿ ಕುರ್ಚಿಯ ಮೇಲೆ ಮೇಷ್ಟ್ರ ದಿಂಬು ಬಿಸಿಲು ಕಾಯುತ್ತಿರುತ್ತಿತ್ತು. ಅದನ್ನು ಸರಿಸಿ ಕುಳಿತರೆ ಟೈಲರಮ್ಮ ಬಂದು, “ಒಂದ್ನಿಮಿಷ ಸಾಹೇಬ್ರೇ,” ಎಂದು ಕುರ್ಚಿಯ ಬೆನ್ನಿಗೆ ಒದ್ದೆ ಲಂಗ ಹರವುತ್ತಿದ್ದರು. ಅವರು ಹೋದರೆ ಕೆಳಗಿನಿಂದ ‘ರೀ’. ಗ್ಯಾಸು ಮುಗಿದಿದೆ, ರೀ. ಅಮ್ಮನ ಕನ್ನಡಕ ಕಾಣ್ತಿಲ್ಲ, ರೀ. ಕೊನೆಗೆ, ಪರದೆ ನೆನೆಹಾಕಬೇಕು, ಟಬ್ಬು ಬೇಕು, ರೀ. ಕಾಲು ನೀರಿನಲ್ಲಿರುವಾಗಲೇ ಟಬ್ಬು ಎಳೆಸಿಕೊಂಡ ಮನುಷ್ಯನ ಮಾನಸಿಕ ಸ್ಥಿತಿ ಹೇಗಿರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ದಾರಿ ಹೊಳೆದದ್ದು ಕಚೇರಿಯಲ್ಲಿ. ನಮ್ಮಲ್ಲಿ ಒಂದು ಕೆಂಪು ಕಾರ್ಡು ಇದೆ. ಅಂಗೈಯಷ್ಟು ಅಗಲ, ಮೂಲೆಯಲ್ಲಿ ತೂತು, ತೂತಿಗೆ ದಾರ. ಮೇಲೆ ಸಣ್ಣಕ್ಷರದಲ್ಲಿ ಕಚೇರಿಯ ಹೆಸರು, ನಡುವೆ ದಪ್ಪಕ್ಷರದಲ್ಲಿ ‘ಪರಿಶೀಲನೆಯಲ್ಲಿದೆ’. ಮೋಟಾರು, ಮೀಟರು, ಪೈಪು ಇತ್ಯಾದಿ ಕೆಟ್ಟಾಗ ಅದಕ್ಕೆ ಇದನ್ನು ಕಟ್ಟುತ್ತಾರೆ. ಕಟ್ಟಿದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೋಣೆಯ ಒಂದು ಬೀರುವಿಗೆ ಈ ಕಾರ್ಡು ನೇತಾಡುತ್ತಿತ್ತು. ಒಂಬತ್ತು ವರ್ಷ ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಗೋಡೆಗೆ ಬಣ್ಣ ಹೊಡೆಯಲು ಬಂದವನೊಬ್ಬ ತಿಳಿಯದೆ ಬಾಗಿಲು ಎಳೆದಾಗ ಅದು ಸಲೀಸಾಗಿ ತೆರೆದುಕೊಂಡಿತು. ಒಳಗೆ ಹಿಂದಿನ ಗುಮಾಸ್ತರ ಕೊಡೆ ಮತ್ತು ಊಟದ ಡಬ್ಬಿ ಇದ್ದವು. ಬೀರು ಕೆಟ್ಟಿರಲೇ ಇಲ್ಲ, ಆತ ತನ್ನ ಡಬ್ಬಿ ಯಾರೂ ತೆಗೆಯದಿರಲಿ ಎಂದು ಕಾರ್ಡು ಕಟ್ಟಿದ್ದ. ಆ ಮಹಾನುಭಾವನನ್ನು ನೆನೆದು ನಾನು ಒಂದು ಕಾರ್ಡನ್ನು ಜೇಬಿಗಿಳಿಸಿದೆ. ಕದ್ದೆ ಎನ್ನುವುದು ಒರಟು ಮಾತು. ಕಚೇರಿಯ ಕೆಲಸವನ್ನು ಮನೆಗೆ ತಂದೆ, ಅಷ್ಟೇ.

ಅಂದು ಮಧ್ಯಾಹ್ನ ಕುರ್ಚಿಯ ಕೈಗೆ ಕಾರ್ಡು ಕಟ್ಟಿ ಕುಳಿತೆ. ಮೊದಲು ಬಂದವಳು ಹೆಂಡತಿ, ಪರದೆಯ ಗಂಟು ಹಿಡಿದುಕೊಂಡು.

“ಇದೇನ್ರೀ?”

“ಕಚೇರಿ ವಿಷಯ.”

ಅವಳು ಕಾರ್ಡನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು. “ಎಷ್ಟು ದಿನ?”

“ಹೇಳೋಕಾಗಲ್ಲ,” ಎಂದೆ, ಕಚೇರಿಯಲ್ಲಿ ಹೇಳುವ ಹಾಗೇ, ಮುಖ ನೋಡದೆ.

ಅವಳು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, ಪರದೆಯ ಗಂಟನ್ನು ಹೆಗಲಿಗೇರಿಸಿಕೊಂಡು ಇಳಿದು ಹೋದಳು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಬಾಯಿ ತೆರೆದು ಮುಚ್ಚಿದ್ದು ಅದೇ ಮೊದಲು. ಕಾರ್ಡಿನ ಮೇಲೆ ನನಗೆ ಗೌರವ ಹೆಚ್ಚಿತು.

ಸ್ವಲ್ಪ ಹೊತ್ತಿಗೆ ಅತ್ತೆ ಉಸಿರು ಬಿಡುತ್ತ ಹತ್ತಿ ಬಂದರು. ಕನ್ನಡಕ ಸಿಕ್ಕಿತ್ತು.

“ಅಳಿಯಂದ್ರೇ, ಕಾಲು ನೀರಲ್ಲಿಟ್ಕೊಂಡು ಇದು ಯಾವ ಪರಿಶೀಲನೆ?”

“ಉಷ್ಣಾಂಶದ್ದು, ಅತ್ತೆ.”

“ನೀರಿನದಾ, ಕಾಲಿನದಾ?”

“ಎರಡರದೂ. ಹೋಲಿಸಿ ನೋಡಬೇಕು.”

ಅವರು ‘ಹೂಂ’ ಎಂದರು. ಆ ‘ಹೂಂ’ನಲ್ಲಿ ಒಪ್ಪಿಗೆಯಿರಲಿಲ್ಲ, ಆದರೆ ಕುರ್ಚಿಯನ್ನು ಅವರೂ ಮುಟ್ಟಲಿಲ್ಲ. ಮೇಷ್ಟ್ರು ದಿಂಬು ಹಿಡಿದು ಬಂದವರು ಕಾರ್ಡು ಓದಿ, ದಿಂಬನ್ನು ಮೋಟುಗೋಡೆಯ ಮೇಲಿಟ್ಟು ಹೋದರು. ಟೈಲರಮ್ಮ ಲಂಗವನ್ನು ಹಗ್ಗಕ್ಕೇ ಹಾಕಿದರು.

ಹೀಗೆ ನಾಲ್ಕು ದಿನ. ಆ ನಾಲ್ಕು ದಿನದ ಬಗ್ಗೆ ನಾನು ಏನು ಹೇಳಲಿ? ಮೂರೂ ಹತ್ತಕ್ಕೆ ಟ್ಯಾಂಕಿನ ನೆರಳು ಕುರ್ಚಿಯ ಕೈಯನ್ನು ಮುಟ್ಟುತ್ತಿತ್ತು. ಮೂರೂವರೆಗೆ ನನ್ನ ಭುಜಕ್ಕೆ ಬರುತ್ತಿತ್ತು. ಬೆರಳು ಆಡಿಸಿದರೆ ನೀರು ಟಬ್ಬಿನ ಅಂಚಿಗೆ ಬಡಿದು ಸಣ್ಣಗೆ ಸದ್ದು ಮಾಡುತ್ತಿತ್ತು. ಎರಡನೆಯ ದಿನ ಕಲ್ಲಂಗಡಿ ಹಣ್ಣು ತಿಂದು ಬೀಜವನ್ನು ಎಷ್ಟು ದೂರ ಉಗಿಯಬಲ್ಲೆ ಎಂದು ನೋಡಿದೆ. ಒಂಬತ್ತು ಅಡಿ ಹೋಯಿತು. ಮೂರನೆಯ ದಿನ ಹತ್ತೂವರೆ. ನಾನು ಸುಖವಾಗಿದ್ದೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಐದನೆಯ ದಿನ ಸಂಜೆ ಗಾಳಿ ಎದ್ದಿತು. ಕಾರ್ಡು ಕುರ್ಚಿಯಿಂದ ಕಳಚಿ ತಾರಸಿಯ ತುಂಬ ಓಡಾಡಿತು. ಹಿಡಿದು ತಂದು, ಮತ್ತೆ ಹಾರದಿರಲಿ ಎಂದು ಕೈಗೆ ಸಿಕ್ಕ ಗಟ್ಟಿಯಾದ ವಸ್ತುವಿಗೆ, ಅಂದರೆ ಟ್ಯಾಂಕಿನಿಂದ ಇಳಿಯುವ ಕಬ್ಬಿಣದ ಪೈಪಿಗೆ, ಕಡತ ಕಟ್ಟುವ ಮೂರು ಸುತ್ತಿನ ಗಂಟು ಹಾಕಿ ಕೆಳಗಿಳಿದೆ. ಕುರ್ಚಿಯ ಪಕ್ಕದಲ್ಲೇ ಇದೆಯಲ್ಲ, ಎಲ್ಲಿದ್ದರೇನು ಎಂದುಕೊಂಡೆ. ಹತ್ತೊಂಬತ್ತು ವರ್ಷ ಅನುಭವವಿರುವ ಗುಮಾಸ್ತ ಮಾಡಬಾರದ ತಪ್ಪು ಅದು. ಕಾಗದ ಯಾವುದೇ ಇರಲಿ, ಯಾವ ಕಡತಕ್ಕೆ ಕಟ್ಟುತ್ತೇವೆಯೋ ಅದರದ್ದೇ ಆಗುತ್ತದೆ.

ಮರುದಿನ ಒಂದೂವರೆಗೆ ಕಚೇರಿಯಿಂದ ಬಂದರೆ ಮೆಟ್ಟಿಲಿನ ಮೇಲೆ ಇಡೀ ಕಟ್ಟಡ ನಿಂತಿತ್ತು. ಎಲ್ಲರ ಕೈಯಲ್ಲೂ ಖಾಲಿ ಬಕೆಟ್ಟು.

“ಬಂದ್ರು, ಬಂದ್ರು,” ಎಂದರು ಟೈಲರಮ್ಮ. “ಸಾಹೇಬ್ರೇ, ನೀವಾದ್ರೂ ಹೇಳಿ. ನಮ್ಮ ಟ್ಯಾಂಕಿನ ನೀರಿಗೆ ಏನಾಗಿದೆ?”

“ಏನಾಗಿದೆ?” ಎಂದು ನಾನೂ ಕೇಳಿದೆ.

“ಕುರ್ಚಿ ಆಯ್ತು, ಈಗ ನಿಮ್ಮ ಆಫೀಸಿನವರು ಬಂದು ಟ್ಯಾಂಕಿಗೂ ಕೆಂಪು ಕಾರ್ಡು ಕಟ್ಟಿ ಹೋಗಿದಾರೆ. ಬೆಳಿಗ್ಗೆ ಬಟ್ಟೆ ಒಣಹಾಕೋಕೆ ಹೋದಾಗ ನಾನೇ ನೋಡಿದೆ. ಅದಕ್ಕೇ ಇರಬೇಕು, ಒಂದು ತಿಂಗಳಿಂದ ಬಿಳಿ ಬಟ್ಟೆ ಬಿಳೀನೇ ಆಗ್ತಿಲ್ಲ.”

“ನನಗೆ ನಾಲ್ಕು ದಿನದಿಂದ ಎಡಗಿವಿ ಗುಯ್ ಅಂತಿದೆ,” ಎಂದರು ಮೇಷ್ಟ್ರು.

ಕಾರ್ಯದರ್ಶಿಗಳು ತಿರುಗಿ ನೋಡಿದರು. “ಕಿವಿಗೂ ನೀರಿಗೂ ಏನು ಸಂಬಂಧ ಮೇಷ್ಟ್ರೇ?”

“ಸ್ನಾನ ಮಾಡ್ತೀನಲ್ಲ.”

ಈಗ ನಾನು ‘ಅದು ನನ್ನ ಕಾರ್ಡು, ಕುರ್ಚಿಗೆ ಕಟ್ಟಿದ್ದು’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆರು ವರ್ಷದ ಸಾಹೇಬಗಿರಿ ನನ್ನ ನಾಲಿಗೆಯನ್ನು ಹಿಡಿದುಕೊಂಡಿತು. ಕಾಲು ನೆನೆಸುವ ಸಲುವಾಗಿ ಕಚೇರಿಯ ಕಾರ್ಡು ಜೇಬಿಗೆ ಹಾಕಿಕೊಂಡು ಬರುವ ಸಾಹೇಬ ಎಲ್ಲಾದರೂ ಇರುತ್ತಾನೆಯೇ?

“ಅದರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ,” ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾರ್ಯದರ್ಶಿಗಳು ಗಂಭೀರವಾಗಿ ತಲೆಯಾಡಿಸಿ, “ಅರ್ಥವಾಯ್ತು ಸಾಹೇಬ್ರೇ. ಮೇಲಿಂದ ಆದೇಶ ಇರುತ್ತೆ. ನಾವು ಒತ್ತಾಯ ಮಾಡಲ್ಲ,” ಎಂದರು. ಅವರು ಆಗಲೇ ಟ್ಯಾಂಕಿನ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ್ದರು. ಪರಿಶೀಲನೆ ಮುಗಿಯುವವರೆಗೆ ಯಾರೂ ಹತ್ತಬಾರದೆಂದು ತಾರಸಿಯ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

ಕುರ್ಚಿ ಒಳಗಿತ್ತು. ಟಬ್ಬು ಒಳಗಿತ್ತು. ಕಾರ್ಡೂ ಒಳಗಿತ್ತು.

“ನಾನು ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?” ಎಂದೆ, ಆದಷ್ಟು ಸಲೀಸಾಗಿ.

“ಬೇಡಿ ಸಾಹೇಬ್ರೇ. ನೀವು ಇದೇ ಕಟ್ಟಡದವರು. ನಿಮ್ಮ ಮನೆ ಟ್ಯಾಂಕನ್ನ ನೀವೇ ಪರಿಶೀಲಿಸಿದ್ರೆ ನಾಳೆ ಯಾರಾದ್ರೂ ನಿಮ್ಮ ಕಡೆ ಬೆರಳು ತೋರಿಸ್ತಾರೆ. ನಿಮ್ಮ ಹೆಸರು ಕೆಡೋದು ನನಗೆ ಇಷ್ಟ ಇಲ್ಲ.”

ಮನೆಯೊಳಗೆ ಬಂದು ಬಾಗಿಲು ಹಾಕಿದೆ. ಹೆಂಡತಿ ಎರಡು ಖಾಲಿ ಬಕೆಟ್ಟುಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಆ ಕಾರ್ಡು ನಿಮ್ಮದೇ ಅಲ್ವಾ?”

“ಹೌದು.”

“ಹೋಗಿ ಹೇಳಿ.”

“ಹೇಗೆ ಹೇಳೋದು? ಮರ್ಯಾದೆ ಪ್ರಶ್ನೆ ಕಣೆ.”

ಅವಳು ಒಂದು ಕ್ಷಣ ಯೋಚಿಸಿದಳು. “ಸರಿ. ನಾನು ಯಾರಿಗೂ ಹೇಳಲ್ಲ. ಬಕೆಟ್ ತಗೊಳ್ಳಿ.”

ಬೀದಿಯ ಕೊನೆಯಲ್ಲಿ ಸಾರ್ವಜನಿಕ ನಲ್ಲಿಯಿದೆ. ಅಲ್ಲಿಂದ ನಮ್ಮ ಮನೆಗೆ ನೂರ ಎಂಬತ್ತು ಹೆಜ್ಜೆ ಮತ್ತು ಐವತ್ನಾಲ್ಕು ಮೆಟ್ಟಿಲು. ಇದು ನನಗೆ ಮೊದಲು ಗೊತ್ತಿರಲಿಲ್ಲ, ಈಗ ನಿದ್ದೆಯಲ್ಲೂ ಗೊತ್ತಿದೆ. ಮೂರರಿಂದ ಐದರವರೆಗೆ, ಅಂದರೆ ಲೋಕದಲ್ಲಿ ನ್ಯಾಯವಿದ್ದಿದ್ದರೆ ನಾನು ಟಬ್ಬಿನಲ್ಲಿ ಕಾಲಿಟ್ಟು ಕೂರಬೇಕಾಗಿದ್ದ ಹೊತ್ತಿನಲ್ಲಿ, ಕೈಗೊಂದರಂತೆ ಬಕೆಟ್ಟು ಹಿಡಿದು ಹತ್ತಿ ಇಳಿದೆ. ನೀರು ತುಳುಕಿ ಕಾಲಿನ ಮೇಲೆ ಬೀಳುತ್ತಿತ್ತು. ಕಾಲು ತಣ್ಣಗಾಗುತ್ತಿತ್ತು ಎಂಬುದೊಂದೇ ಸಮಾಧಾನ. ಎರಡನೆಯ ದಿನ ಮೇಷ್ಟ್ರು, “ಸಾಹೇಬ್ರೇ ಸ್ವತಃ ನೀರು ಹೊರ್ತಾರೆ, ನೋಡಿ ಕಲೀಬೇಕು,” ಎಂದು ಹೊಗಳಿ ತಮ್ಮ ಬಕೆಟ್ಟನ್ನೂ ನನ್ನ ಬಾಗಿಲ ಮುಂದಿಟ್ಟರು. ಮೂರನೆಯ ದಿನ ಟೈಲರಮ್ಮನ ಬಿಂದಿಗೆ ಬಂತು. ಅವರಿರುವುದು ನೆಲಮಹಡಿಯಲ್ಲಿ. ಅತ್ತೆ ಮಾತ್ರ ಕಿಟಕಿಯಲ್ಲಿ ಕುಳಿತು ಪ್ರತಿ ಸಲ ನಾನು ಹತ್ತುವಾಗ, “ಈಗ ಉಷ್ಣಾಂಶ ಹೇಗಿದೆ ಅಳಿಯಂದ್ರೇ?” ಎಂದು ವಿಚಾರಿಸುತ್ತಿದ್ದರು.

ಇಷ್ಟರಲ್ಲಿ ಕಾರ್ಯದರ್ಶಿಗಳು ನಮ್ಮ ಕಚೇರಿಗೆ ಮೂರು ಪುಟದ ದೂರು ಬರೆದು ಅಂಚೆಗೆ ಹಾಕಿದ್ದರು. ಅದು ನಡೆದುಕೊಂಡು ಬರಬೇಕಾದದ್ದು ಎಲ್ಲಿಗೆ? ನನ್ನ ಮೇಜಿಗೆ. ಲಕೋಟೆ ಒಡೆದು ‘ತಮ್ಮ ಕಚೇರಿಯವರು ಪರಿಶೀಲನೆ ಆರಂಭಿಸಿ ಮುಗಿಸದೆ ಹೋಗಿರುವುದರಿಂದ’ ಎಂಬವರೆಗೆ ಓದಿ, ಅದನ್ನು ಮೊಹರಿನ ಶಾಯಿ ಪೆಟ್ಟಿಗೆಯ ಅಡಿಯಲ್ಲಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ನಾನು ದಾಟಿಸದೆ ಉಳಿಸಿಕೊಂಡ ಮೊದಲ ಕಾಗದ ಅದು. ನಾಲ್ಕು ದಿನ ನನ್ನ ಊಟ ಮೈಗೆ ಹತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಟಪಾಲು ಕಿಟಕಿಯಲ್ಲಿ ಒಂದು ಕೈ ಕಾಗದ ಚಾಚಿತು. ಕೈಯ ಹಿಂದೆ ಕೊರಳು, ಕೊರಳಲ್ಲಿ ಬೀಗದ ಕೈ.

“ಸಾಹೇಬ್ರೇ,” ಎಂದರು ಕಾರ್ಯದರ್ಶಿಗಳು, ಕಿಟಕಿಯ ಸರಳಿಗೆ ಮುಖ ಒತ್ತಿ. “ನೀವು ಇಲ್ಲಿ?”

“ಈ ಸೀಟಿನವರು ಇವತ್ತು ಬಂದಿಲ್ಲ,” ಎಂದೆ. ಪಕ್ಕದ ಮೇಜಿನವನು ಕೆಮ್ಮಿದ.

“ಎಂಥ ದೊಡ್ಡ ಗುಣ. ಚಿಕ್ಕವರ ಸೀಟಿನಲ್ಲೂ ಕೂತ್ಕೋತೀರಾ.” ಅವರ ಕಣ್ಣಿನಲ್ಲಿ ನೀರಾಡಿತು. “ಮೊದಲ ದೂರಿಗೆ ಉತ್ತರ ಬಂದಿಲ್ಲ. ಇದು ಎರಡನೇದು. ನಿಮ್ಮ ಕೈಯಿಂದ್ಲೇ ಮೊಹರು ಬೀಳಲಿ.”

ಮೊಹರು ಒತ್ತುವುದಕ್ಕೂ ಎಂಜಿನಿಯರ್ ಸಾಹೇಬರು, ಅಂದರೆ ನಿಜವಾದ ಸಾಹೇಬರು, ನನ್ನ ಹಿಂದಿನಿಂದ ಹಾದುಹೋಗುವುದಕ್ಕೂ ಸರಿಹೋಯಿತು. ಅವರು ಕಾಗದ ಎತ್ತಿಕೊಂಡು ನಿಂತಲ್ಲೇ ಓದಿದರು.

“ಯಾವ ಕಟ್ಟಡ ಇದು? ನಾವು ಯಾವಾಗ ಪರಿಶೀಲನೆ ಶುರು ಮಾಡಿದ್ವಿ? ಕಡತ ತನ್ನಿ.”

ಇಲ್ಲದ ಕಡತವನ್ನು ಇಲ್ಲ ಎನ್ನುವ ಧೈರ್ಯ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ. ದುರಸ್ತಿ ಶಾಖೆಯವರು, “ನಮ್ಮಲ್ಲೇ ಇತ್ತು ಸಾರ್, ಹೋದ ತಿಂಗಳು ಕಳಿಸಿದ್ವಿ,” ಎಂದರು. ತಾಂತ್ರಿಕ ಶಾಖೆಯವರು, “ಬಂದಿತ್ತು ಸಾರ್, ಅಭಿಪ್ರಾಯ ಬರೆದು ವಾಪಸ್ ಮಾಡಿದೀವಿ,” ಎಂದರು. ಏನು ಅಭಿಪ್ರಾಯ ಎಂದು ಕೇಳಿದ್ದಕ್ಕೆ, “ಗಂಭೀರವಾಗಿದೆ ಅಂತ,” ಎಂದರು. ದಾಖಲೆ ಕೋಣೆಯವರು ಅದು ಮೇಲಿನ ಅಟ್ಟದಲ್ಲಿದೆಯೆಂದೂ, ಹತ್ತಲು ಏಣಿಯಿಲ್ಲವೆಂದೂ, ಏಣಿ ಪರಿಶೀಲನೆಯಲ್ಲಿದೆಯೆಂದೂ ತಿಳಿಸಿದರು. ಹನ್ನೆರಡು ಗಂಟೆಯ ಹೊತ್ತಿಗೆ ಆ ಕಡತ ಎಷ್ಟು ದಪ್ಪಗಿತ್ತು, ರಟ್ಟು ಯಾವ ಬಣ್ಣದ್ದು ಎಂಬುದನ್ನು ಹೇಳುವವರೂ ಸಿಕ್ಕಿದರು. ಕೇಳುತ್ತ ಕೇಳುತ್ತ ನನಗೇ ಅದನ್ನು ಎಲ್ಲೋ ನೋಡಿದ ನೆನಪಾಗತೊಡಗಿತು.

ಸಾಹೇಬರು ಮೇಜಿನ ಮೇಲೆ ಕೈ ಬಡಿದರು. “ಕಡತ ಹಾಳಾಗಿ ಹೋಗಲಿ. ಇವತ್ತು ಮೂರು ಗಂಟೆಗೆ ನಾನೇ ಹೋಗಿ ನೋಡ್ತೀನಿ. ಏನ್ರೀ, ಇದು ನಿಮ್ಮ ಮನೆ ವಿಳಾಸ ಅಲ್ವಾ? ನೀವೂ ಇರಿ.”

ಮೂರು ಗಂಟೆಯ ಬಿಸಿಲಿಗೆ ಬೀದಿಯ ನಾಯಿಯೂ ಹೊರಗೆ ಬಂದಿರಲಿಲ್ಲ. ಸಾಹೇಬರು ಬಂದರು. ದಪ್ಪ ದೇಹ, ಬಿಗಿಯಾದ ಕರಿ ಬೂಟು. ನೆಲಮಹಡಿಯಲ್ಲಿ ಒಮ್ಮೆ ಬೆವರು ಒರೆಸಿಕೊಂಡರು, ಮೇಷ್ಟ್ರ ಬಾಗಿಲಲ್ಲಿ ಎರಡು ಸಲ, ನಮ್ಮ ಬಾಗಿಲಲ್ಲಿ ಕರವಸ್ತ್ರ ಹಿಂಡಿದರು. ಅವರ ಹಿಂದೆ ನಾನು, ಇಂಗು ತಿಂದ ಮಂಗನಂತೆ. ನನ್ನ ಹಿಂದೆ ಇಡೀ ಕಟ್ಟಡ. ಇವತ್ತು ಎಲ್ಲ ಹೊರಬೀಳುತ್ತದೆ, ಇಲ್ಲಿ ಸಾಹೇಬಗಿರಿಯೂ ಹೋಯಿತು, ಅಲ್ಲಿ ಸೀಟೂ ಹೋಯಿತು ಎಂದುಕೊಂಡು ಒಂದೊಂದು ಮೆಟ್ಟಿಲು ಹತ್ತಿದೆ. ಅವೆಲ್ಲಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಆ ಕುರ್ಚಿಯಲ್ಲಿ ನನ್ನನ್ನು ಯಾರೂ ಕೂರಲು ಬಿಡುವುದಿಲ್ಲವಲ್ಲ ಎಂಬುದೇ ನನ್ನ ಚಿಂತೆಯಾಗಿತ್ತು.

ಕಾರ್ಯದರ್ಶಿಗಳು ಕೊರಳಿನಿಂದ ಬೀಗದ ಕೈ ತೆಗೆದು ಬೀಗ ಬಿಚ್ಚಿದರು. ಟ್ಯಾಂಕು ಅಲ್ಲೇ ಇತ್ತು, ಪೈಪಿನಲ್ಲಿ ಕಾರ್ಡು ಅಲ್ಲೇ ಇತ್ತು, ನೆರಳಿನಲ್ಲಿ ಕುರ್ಚಿ ಅಲ್ಲೇ ಇತ್ತು. ವಾರದ ಬಳಿಕ ಕಂಡ ಅದರ ಕೈಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದೆ.

“ಮುಚ್ಚಳ ತೆಗೀರಿ,” ಎಂದರು ಸಾಹೇಬರು.

ತೆಗೆದರು. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ತಳದಲ್ಲಿ ಗೇಣುದ್ದ ರಾಡಿ. ಮೇಲೆ ನೀರಿನಲ್ಲಿ ತೇಲುತ್ತ ಟೈಲರಮ್ಮನ ಬಟ್ಟೆ ಕ್ಲಿಪ್ಪುಗಳು, ಒಂದು ಚೆಂಡು, ಮತ್ತು ಉದ್ದ ಹಿಡಿಯ ಒಂದು ಬ್ರಷ್ಷು.

“ಇದನ್ನ ಯಾವಾಗ ತೊಳೆಸಿದ್ರಿ?”

“ಆರು ತಿಂಗಳಿಗೊಂದ್ಸಲ ತಪ್ಪದೆ ತೊಳೆಸ್ತೀವಿ ಸಾರ್,” ಎಂದರು ಕಾರ್ಯದರ್ಶಿಗಳು.

ಸಾಹೇಬರು ಕೈಚಾಚಿ ಬ್ರಷ್ಷು ಎತ್ತಿ ನೋಡಿದರು. ಅದರ ಕೂದಲಿಗೆ ಅಂಗಡಿಯಲ್ಲಿ ಹಾಕಿದ ಪ್ಲಾಸ್ಟಿಕ್ ಚೀಲ ಇನ್ನೂ ಹಾಗೇ ಸುತ್ತಿಕೊಂಡಿತ್ತು. “ಇದನ್ನ ಬಿಚ್ಚಿ ತೊಳೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು,” ಎಂದರು.

ಕಾರ್ಯದರ್ಶಿಗಳು ಆಕಾಶ ನೋಡಿದರು. ಟೈಲರಮ್ಮ, “ಅಯ್ಯೋ, ಇದನ್ನಾ ನಾವು ಕುಡೀತಿದ್ದದ್ದು,” ಎಂದು ತಲೆ ಮೇಲೆ ಕೈಹೊತ್ತು ಕುಳಿತರು. ಮೇಷ್ಟ್ರು ಎಡಗಿವಿ ಮುಟ್ಟಿಕೊಂಡು, “ನಾನು ಹೇಳಿದ್ನೋ ಇಲ್ವೋ,” ಎಂದರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಎಂಥ ಭಕ್ತಿಯಿತ್ತೆಂದರೆ, ನಾನು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ನೋಡಿದೆ.

ಸಾಹೇಬರು ಮಾತ್ರ ಪೈಪಿನ ಕಾರ್ಡನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು. “ಕಾರ್ಡು ನಮ್ಮದೇ. ಗಂಟೂ ನಮ್ಮ ಕಡತದ ಗಂಟೇ. ಯಾರು ಕಟ್ಟಿದ್ದು?”

ಹೆಂಡತಿ ನನ್ನನ್ನು ನೋಡಿದಳು, ಕೊಟ್ಟ ಮಾತಿನಂತೆ ಸುಮ್ಮನಿದ್ದಳು. ಅತ್ತೆ ಯಾರಿಗೂ ಮಾತು ಕೊಟ್ಟಿರಲಿಲ್ಲ.

“ನಮ್ಮ ಅಳಿಯಂದ್ರು,” ಎಂದರು. “ಕುರ್ಚಿಗೆ ಕಟ್ಟಿದ್ರು. ಯಾರೂ ಎಬ್ಬಿಸಬಾರದು ಅಂತ. ಗಾಳಿ ಬಂತಲ್ಲ, ಪೈಪಿಗೆ ಕಟ್ಟಿರ್ತಾರೆ.”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಹೌದು ಸಾರ್,” ಎಂದೆ. “ಟ್ಯಾಂಕಿನ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ನಾನು ಸಾಹೇಬ ಅಲ್ಲ, ಟಪಾಲು ಗುಮಾಸ್ತ. ಕಾಲು ನೆನೆಸಿಕೊಂಡು ಸುಮ್ಮನೆ ಕೂರಬೇಕು ಅನ್ನಿಸ್ತು, ಅಷ್ಟಕ್ಕೇ ಇದನ್ನ ತಂದೆ.”

ಹೇಳಿ ಮುಗಿಸಿ ಕಣ್ಣು ಮುಚ್ಚಿ ನಿಂತೆ. ಮೊದಲು ಕೇಳಿಸಿದ್ದು ಕಾರ್ಯದರ್ಶಿಗಳ ನಡುಗುವ ದನಿ. “ನೋಡಿದ್ರಾ? ಇಷ್ಟು ದೊಡ್ಡ ಕೆಲಸ ಮಾಡಿ ಹೆಸರು ಬೇಡ ಅಂತಾರೆ.”

“ದೊಡ್ಡವರು ಯಾವಾಗ್ಲೂ ಹೀಗೇ ಹೇಳೋದು,” ಎಂದರು ಮೇಷ್ಟ್ರು.

“ಗುಮಾಸ್ತರಂತೆ,” ಎಂದು ಟೈಲರಮ್ಮ ಕಣ್ಣೊರೆಸಿಕೊಂಡು ನಕ್ಕರು. “ನಮ್ಮ ಬಿಂದಿಗೆ ಹೊತ್ತ ಕೈ ಅದು.”

ನಿಜ ಹೇಳಿ ನಂಬಿಸುವುದು ಇಷ್ಟು ಕಷ್ಟವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಸಾಹೇಬರೊಬ್ಬರೇ ನನ್ನ ಮಾತನ್ನು ಪೂರ್ತಿ ನಂಬಿದರು. ಅವರು ನನ್ನನ್ನು ನೋಡಿದರು. ಕುರ್ಚಿಯನ್ನು ನೋಡಿದರು. ಟಬ್ಬನ್ನು ನೋಡಿದರು. ಹಣೆಯಿಂದ ಒಂದು ಹನಿ ಬೆವರು ಇಳಿದು ಅವರ ಮೂಗಿನ ತುದಿಯಲ್ಲಿ ನಿಂತಿತು.

“ಹೂಂ,” ಎಂದರು. “ಇದನ್ನೂ ಪರಿಶೀಲಿಸಬೇಕಾಗುತ್ತೆ.”

ಹೆಂಡತಿ, ನಾನು ಹಿಂದಿನ ದಿನ ಹೊತ್ತು ತಂದಿದ್ದ ಒಂದು ಬಕೆಟ್ ನೀರನ್ನು ತಂದು ಟಬ್ಬಿಗೆ ಸುರಿದಳು. ಸಾಹೇಬರು ಕುರ್ಚಿಯಲ್ಲಿ ಕುಳಿತು, ಬೂಟಿನ ದಾರ ಬಿಚ್ಚಿ, ಕಾಲುಚೀಲವನ್ನು ಮಡಚಿ ಬೂಟಿನೊಳಗಿಟ್ಟು, ಪಾದಗಳನ್ನು ಒಂದೊಂದಾಗಿ ನೀರಿಗಿಳಿಸಿದರು. ಅವರ ಬಾಯಿಂದ ಒಂದು ಸದ್ದು ಹೊರಟಿತು. ಅಂಥ ಸದ್ದನ್ನು ನಾನು ಕಚೇರಿಯಲ್ಲಿ ಯಾವ ಅಧಿಕಾರಿಯಿಂದಲೂ ಕೇಳಿಲ್ಲ. ಇಪ್ಪತ್ತು ನಿಮಿಷ ಹಾಗೇ ಕುಳಿತಿದ್ದರು. ಆಮೇಲೆ ಅವರು ಕಾಗದ ತರಿಸಿ, ತೊಡೆಯ ಮೇಲಿಟ್ಟುಕೊಂಡು ಬರೆದರು: ‘ಸ್ಥಳ ಪರಿಶೀಲಿಸಲಾಯಿತು. ಟ್ಯಾಂಕನ್ನು ಎರಡು ದಿನದೊಳಗೆ ಕಾರ್ಯದರ್ಶಿಯವರು ಖುದ್ದು ನಿಂತು ತೊಳೆಸತಕ್ಕದ್ದು. ಕುರ್ಚಿ ಮತ್ತು ಟಬ್ಬಿನ ಬಗ್ಗೆ ಆಕ್ಷೇಪಣೆ ಇಲ್ಲ.’ ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು, “ಟ್ಯಾಂಕು ತೊಳೆದಾದ ಮೇಲೆ ಕಾರ್ಡು ನನ್ನ ಮೇಜಿಗೆ ಬರಬೇಕು. ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮ್ಮ ಕೊರಳಿಗೇ ಕಟ್ತೀನಿ,” ಎಂದರು.

ಎರಡು ದಿನದಲ್ಲಿ ಟ್ಯಾಂಕು ಫಳಫಳ ಹೊಳೆಯಿತು. ನಲ್ಲಿಯಲ್ಲಿ ನೀರು ಬಂತು, ಟೈಲರಮ್ಮನ ಬಿಳಿ ಬಟ್ಟೆ ಬಿಳಿಯಾಯಿತು, ಮೇಷ್ಟ್ರ ಕಿವಿ ಗುಯ್ ಎನ್ನುವುದನ್ನು ನಿಲ್ಲಿಸಿತು. ತಾರಸಿಯ ಬೀಗ ತೆಗೆದು, ಕುರ್ಚಿಯ ಬಳಿ ಯಾರೂ ಹೋಗಬಾರದು, ಅದು ಸಾಹೇಬರಿಗೆ, ಅಂದರೆ ನನಗೆ, ಮೀಸಲು ಎಂದು ಕಟ್ಟಡದವರೇ ತೀರ್ಮಾನ ಮಾಡಿದರು. ಗೆದ್ದೆ ಎಂದುಕೊಂಡೆ. ಗುರುವಾರ ಕಚೇರಿಯಿಂದ ಬಂದು, ಉಂಡು, ನಾನೇ ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ, ತಟ್ಟೆ ಹಿಡಿದು, ಒದ್ದೆ ಟವೆಲು ಹುಡುಕಿ ಸಿಗದೆ, ಮೂರೂ ಹತ್ತಕ್ಕೆ ಸರಿಯಾಗಿ ತಾರಸಿ ಹತ್ತಿದೆ.

ಕುರ್ಚಿಯಲ್ಲಿ ಹೆಂಡತಿ ಕುಳಿತಿದ್ದಳು. ಒದ್ದೆ ಟವೆಲು ಅವಳ ತಲೆಯ ಮೇಲಿತ್ತು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಎರಡೂ ಕಾಲು ಟಬ್ಬಿನಲ್ಲಿಟ್ಟಿದ್ದಳು. ಕಣ್ಣು ಮುಚ್ಚಿತ್ತು. ಕುರ್ಚಿಯ ಕೈಯಲ್ಲಿ ಕೆಂಪು ಕಾರ್ಡು ತೂಗುತ್ತಿತ್ತು.

“ಏ, ಅದನ್ನ ಸಾಹೇಬ್ರಿಗೆ ವಾಪಸ್ ಮಾಡಬೇಕು ಕಣೆ,” ಎಂದೆ.

“ಪರಿಶೀಲನೆ ಮುಗೀಲಿ.”

“ಎಷ್ಟು ದಿನ?”

“ಹೇಳೋಕಾಗಲ್ಲ,” ಎಂದಳು, ಕಣ್ಣು ತೆರೆಯದೆ.

ನಾನು ತಟ್ಟೆ ಹಿಡಿದು ನಿಂತೆ. ಹದಿನೇಳು ವರ್ಷದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅವಳು ಸುಮ್ಮನೆ ಕುಳಿತದ್ದನ್ನು ನಾನು ನೋಡಿರಲೇ ಇಲ್ಲ. ನೋಡಿರಲಿಲ್ಲ ಎಂಬುದೂ ಅಂದೇ ಗೊತ್ತಾಯಿತು. ನಾಚಿಕೆಯಾಯಿತು. ನೀರಿನಲ್ಲಿ ಅವಳ ಬೆರಳುಗಳು ಮೆಲ್ಲಗೆ ಆಡುತ್ತಿದ್ದವು, ತುಟಿಯಲ್ಲಿ ಸಣ್ಣ ನಗುವಿತ್ತು, ಅದನ್ನು ನೋಡಿ ಸಂತೋಷವೂ ಆಯಿತು. ಪಕ್ಕದಲ್ಲಿ ಕಲ್ಲಂಗಡಿಯ ಸಿಪ್ಪೆ ಬಿದ್ದಿತ್ತು. ಬೀಜಗಳು ಎಲ್ಲಿವೆಯೆಂದು ಕಣ್ಣಲ್ಲೇ ಅಳೆದೆ. ಹನ್ನೆರಡು ಅಡಿಗೆ ಕಡಿಮೆಯಿರಲಿಲ್ಲ.

ಕೆಳಗಿನಿಂದ ಅತ್ತೆಯ ದನಿ ಬಂತು. “ಏ ಮಗಳೇ, ನನ್ನ ಕನ್ನಡಕ ಎಲ್ಲಿ?”

ಅವಳು ಕದಲಲಿಲ್ಲ. ಹತ್ತೊಂಬತ್ತು ವರ್ಷ ಆ ಕಾರ್ಡಿಗೆ ತಲೆಬಾಗಿದವನು ನಾನು. ಸೌತೆಕಾಯಿಯ ತಟ್ಟೆಯನ್ನು ಅವಳ ಕೈಗೆಟುಕುವಂತೆ ಇಟ್ಟು, “ಬಂದೆ ಅತ್ತೆ,” ಎಂದು ಇಳಿದು ಹೋದೆ. ಕನ್ನಡಕ ಅವರ ತಲೆಯ ಮೇಲೇ ಇತ್ತು. ಪರದೆಯ ಗಂಟು ಎರಡು ವಾರದಿಂದ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಟಬ್ಬಂತೂ ಸಿಗುವ ಹಾಗಿರಲಿಲ್ಲ. ಎರಡು ಬಕೆಟ್ಟುಗಳಲ್ಲಿ ನೀರು ಹಿಡಿದು, ಸೋಪಿನ ಪುಡಿ ಕದಡಿ, ಪರದೆಗಳನ್ನು ಒಂದೊಂದಾಗಿ ನೆನೆಹಾಕಿದೆ.

ಮರುದಿನ ಎಂಜಿನಿಯರ್ ಸಾಹೇಬರು ನನ್ನ ಮೇಜಿನ ಮುಂದೆ ನಿಂತು, “ಕಾರ್ಡು ಎಲ್ರೀ?” ಎಂದರು.

“ಅದು ಪರಿಶೀಲನೆಯಲ್ಲಿದೆ ಸಾರ್,” ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. “ಮನೆಯವರಾ?” ಎಂದು ಕೇಳಿದರು. ಹೌದೆಂದೆ. ಅವರು ಕಾರ್ಡುಗಳ ಡಬ್ಬಿಯಿಂದ ಒಂದನ್ನು ತೆಗೆದು, ಅತ್ತಿತ್ತ ನೋಡಿ, ತಮ್ಮ ಜೇಬಿಗಿಳಿಸಿಕೊಂಡು ಹೋದರು.